‘ರೇಡಿಯೊ ಹೋಗಿದೆ’ ಎಂದವರಿಗೆ ಹಣ ಕೊಡುವ ಮುನ್ನ

ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ವೈರ್‌ಲೆಸ್ ಇಂಟರ್‌ನೆಟ್ ನಡೆಸುವ ಸಣ್ಣವರೆಲ್ಲರೂ ಇದನ್ನು ಓದಿಕೊಳ್ಳಬೇಕು. ಟವರ್ ಹತ್ತದೆ, ಕೆಳಗೆ ನಿಂತು ಲ್ಯಾಪ್‌ಟಾಪ್ ತೆರೆದು, ಅರ್ಧ ನಿಮಿಷದಲ್ಲಿ ‘ರೇಡಿಯೊ ಹೋಗಿದೆ ಸರ್’ ಎಂದು ತೀರ್ಪು ಕೊಡುವ ಒಂದು ಬಗೆಯ ಸಿಗ್ನಲ್ ತಜ್ಞರು ನಮ್ಮ ಭಾಗದಲ್ಲಿ ಓಡಾಡುತ್ತಿದ್ದಾರೆ. ರೇಡಿಯೊ ಎಂದರೆ ಇಲ್ಲಿ ಟವರ್ ಮೇಲೆ ಕುಳಿತು ಇಂಟರ್‌ನೆಟ್ ಸಿಗ್ನಲ್ ಕಳಿಸುವ, ಪಡೆಯುವ ಪೆಟ್ಟಿಗೆ. ಮಳೆಗಾಲ ಅವರಿಗೆ ಸುಗ್ಗಿ. ನಮ್ಮಿಂದ ಹಣ ಪಡೆದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ್ದೇನು ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಇದೇ ವರಸೆ ತೋರಿಸುವವರು ಇನ್ನೂ ಇದ್ದಾರೆ.

ನಮ್ಮ ಟವರ್ ಇರುವುದು ಚಿತ್ತಾಪುರ ತಾಲ್ಲೂಕಿನಲ್ಲಿ. ಸುತ್ತ ಎರೆಭೂಮಿ, ತೊಗರಿ ಹೊಲ, ಅಲ್ಲಲ್ಲಿ ಕಲ್ಲಿನ ಗಣಿ. ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ಉದ್ದದ ಒಂದು ಡಿಶ್ ಕೊಂಡಿಯ (ಎದುರುಬದುರು ನಿಂತ ಎರಡು ಡಿಶ್‌ಗಳ ನಡುವಿನ ವೈರ್‌ಲೆಸ್ ಸಂಪರ್ಕ) ಮೂಲಕ ಇಂಟರ್‌ನೆಟ್ ಅಲ್ಲಿಗೆ ಬರುತ್ತದೆ. ಅಲ್ಲಿಂದ ಸೆಕ್ಟರ್ ಆಂಟೆನಾಗಳು ಹಳ್ಳಿಗಳಿಗೆ ಹಂಚುತ್ತವೆ. ಆ ಕೊಂಡಿ ಬಿದ್ದರೆ ಎಲ್ಲವೂ ಬಿದ್ದಂತೆ. ಗ್ರಾಹಕರಲ್ಲಿ ಫರ್ಸಿ ಕಲ್ಲು ಪಾಲಿಶ್ ಮಾಡುವ ಸಾಹುಕಾರರೊಬ್ಬರಿದ್ದಾರೆ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲನ್ನು ಇಂಟರ್‌ನೆಟ್‌ನಲ್ಲಿ ತೆಗೆಯದೆ ಅವರ ಲಾರಿ ಹೊರಡುವಂತಿಲ್ಲ. ಲೋಡ್ ತುಂಬಿದ ಲಾರಿ ಅಂಗಳದಲ್ಲಿ ನಿಂತು, ಚಾಲಕ ಬೀಡಿ ಸೇದುತ್ತ ಕುಳಿತಿರುವಾಗ ಅವರು ನನಗೆ ಮಾಡಿದ ಫೋನ್ ಕರೆಗಳ ಭಾಷೆಯನ್ನು ಇಲ್ಲಿ ಬರೆಯಲಾಗದು.

ತೊಂದರೆ ಶುರುವಾದದ್ದು ಜುಲೈ ಮಳೆಯಲ್ಲಿ. ಸಿಗ್ನಲ್ ಕುಸಿಯಿತು. ಮಳೆ ನಿಂತು ಆಕಾಶ ತಿಳಿಯಾದ ಮೇಲೂ ಮೇಲೇಳಲಿಲ್ಲ. ಬೆಳಿಗ್ಗೆ ತೀರಾ ಕೆಟ್ಟಿರುತ್ತಿತ್ತು, ಮಧ್ಯಾಹ್ನ ಬಿಸಿಲು ಏರಿದಾಗ ತುಸು ಸುಧಾರಿಸುತ್ತಿತ್ತು, ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕಥೆ. ಈ ಏರಿಳಿತವನ್ನು ನೆನಪಿನಲ್ಲಿಟ್ಟುಕೊಳ್ಳಿ.

ನಗರದಿಂದ ಬಂದ ತಜ್ಞರ ಮೊದಲ ಮಾತು: ‘ಮಳೆಗೆ ಸಿಗ್ನಲ್ ಸಾಯುತ್ತದೆ ಸರ್, ಹೆಚ್ಚು ಪವರ್ ಇರುವ ರೇಡಿಯೊ ಬೇಕು.’ ಮನೆಯ ಡಿಟಿಎಚ್ ಪೆಟ್ಟಿಗೆ ಜೋರು ಮಳೆಯಲ್ಲಿ ನಿಲ್ಲುವುದನ್ನು ನೋಡಿದವರು ಇದನ್ನು ಸುಲಭವಾಗಿ ನಂಬುತ್ತಾರೆ. ಆದರೆ ಡಿಟಿಎಚ್ ನಡೆಯುವುದು 11, 12 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅದೂ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹದಿಂದ. ನಮ್ಮ ರೇಡಿಯೊಗಳು ಕೆಲಸ ಮಾಡುವ 5 ಗಿಗಾಹರ್ಟ್ಸ್‌ನಲ್ಲಿ ಹತ್ತು ಕಿಲೋಮೀಟರ್ ಉದ್ದಕ್ಕೂ ಜಡಿಮಳೆ ಸುರಿದರೂ ಕಳೆದುಹೋಗುವುದು ಕೆಲವೇ ಡೆಸಿಬಲ್ (ಸಿಗ್ನಲ್ ಶಕ್ತಿಯ ಏರಿಳಿತ ಅಳೆಯುವ ಮಾನ). 60 ಗಿಗಾಹರ್ಟ್ಸ್ ಕೊಂಡಿಯಾಗಿದ್ದರೆ ಆ ಮಾತು ಒಪ್ಪಬಹುದಿತ್ತು. ಇನ್ನು ಮಳೆ ನಿಂತು ಎರಡು ದಿನವಾದ ಮೇಲೂ ಸಿಗ್ನಲ್ ಬಿದ್ದೇ ಇದ್ದರೆ, ಆಕಾಶದ ನೀರಿಗೂ ಅದಕ್ಕೂ ಏನು ಸಂಬಂಧ? ಈ ಪ್ರಶ್ನೆ ಕೇಳಿದಾಗ ಅವರು ‘ತೇವಾಂಶ ಸರ್’ ಎಂದರು.

ಅದಕ್ಕಿಂತ ದೊಡ್ಡ ಸುಳಿವು ಅವರ ಲ್ಯಾಪ್‌ಟಾಪ್ ಪರದೆಯ ಮೇಲೆಯೇ ಇತ್ತು. ಈಗಿನ ರೇಡಿಯೊಗಳಲ್ಲಿ ಎರಡು ಚೈನ್‌ಗಳಿರುತ್ತವೆ: ಒಂದು ಲಂಬ ಅಲೆಗೆ, ಇನ್ನೊಂದು ಅಡ್ಡ ಅಲೆಗೆ. ಎರಡಕ್ಕೂ ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಬೇರೆ ಬೇರೆ ಗಿಡ್ಡ ಕೇಬಲ್, ಅಂದರೆ ಜಂಪರ್. ಆರೋಗ್ಯವಾಗಿರುವ ಕೊಂಡಿಯಲ್ಲಿ ಎರಡರ ನಡುವಿನ ವ್ಯತ್ಯಾಸ ಮೂರು ನಾಲ್ಕು ಡೆಸಿಬಲ್ ದಾಟುವುದಿಲ್ಲ. ನಮ್ಮ ಪರದೆಯಲ್ಲಿ ಒಂದು ಚೈನ್ −64, ಇನ್ನೊಂದು −81 ಡಿಬಿಎಂ ತೋರಿಸುತ್ತಿತ್ತು. ಡಿಬಿಎಂ ಸಿಗ್ನಲ್ ಶಕ್ತಿಯ ಅಳತೆ, ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. ಹದಿನೇಳು ಡೆಸಿಬಲ್ ಅಂತರ ಎಂದರೆ ಒಂದು ದಾರಿಯಲ್ಲಿ ಬಂದ ಶಕ್ತಿಯ ಐವತ್ತನೆಯ ಒಂದು ಪಾಲು ಮಾತ್ರ ಇನ್ನೊಂದು ದಾರಿಯಲ್ಲಿ ಬರುತ್ತಿದೆ ಎಂದರ್ಥ. ಗಾಳಿ, ಮಳೆ, ದೂರ ಎರಡೂ ಚೈನ್‌ಗಳಿಗೆ ಒಂದೇ. ಒಂದೇ ಚೈನ್ ಬಿದ್ದಿದ್ದರೆ ಕೇಡು ಆ ಚೈನ್‌ನ ಕೇಬಲ್, ಕನೆಕ್ಟರ್, ಆಂಟೆನಾದ ಬಾಯಿ ಅಥವಾ ರೇಡಿಯೊದ ಆ ಪೋರ್ಟ್, ಈ ನಾಲ್ಕರಲ್ಲಿ ಎಲ್ಲೋ ಇದೆ. ತಜ್ಞರು ಎರಡನ್ನೂ ಸೇರಿಸಿದ ಒಟ್ಟು ಸಂಖ್ಯೆಯನ್ನು ಮಾತ್ರ ಬೆರಳಿಟ್ಟು ತೋರಿಸಿದರು.

ಲೆಕ್ಕ ಹಾಕುವುದೇನೂ ಕಷ್ಟವಲ್ಲ. 5.8 ಗಿಗಾಹರ್ಟ್ಸ್‌ನಲ್ಲಿ ಹತ್ತು ಕಿಲೋಮೀಟರ್ ಬರಿಯ ಗಾಳಿಯ ನಷ್ಟ ಸುಮಾರು 128 ಡೆಸಿಬಲ್. ಆಚೆಯ ಡಿಶ್‌ನಿಂದ 36 ಡಿಬಿಎಂ ಹೊರಟು, ಈಚೆಯ ಡಿಶ್ 30 ಡೆಸಿಬಲ್ ಗಳಿಕೆ ಕೊಟ್ಟರೆ ಕೈಗೆ ಬರಬೇಕಾದದ್ದು −62ರ ಆಸುಪಾಸು. ಎರಡು ಚೈನ್‌ಗೆ ಹಂಚಿದರೆ ತಲಾ −65. ಅಂದರೆ ನಮ್ಮ ಮೊದಲ ಚೈನ್ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಪವರ್ ಸಾಲದು ಎಂಬ ಮಾತಿಗೆ ಅಲ್ಲೇ ಬುಡವಿರಲಿಲ್ಲ.

ಆದರೂ ಸಾಹುಕಾರರ ಫೋನ್ ಒಂದು ಕಡೆ, ಗ್ರಾಮದ ಸೇವಾ ಕೇಂದ್ರದ ಮುಂದಿನ ಸಾಲು ಇನ್ನೊಂದು ಕಡೆ. ಟವರ್ ಮೇಲಿನ ರೇಡಿಯೊ ಬದಲಾಯಿತು. ಹಳೆಯದನ್ನು ‘ಸುಟ್ಟಿದೆ, ಗುಜರಿಗೆ ಹಾಕುತ್ತೇನೆ’ ಎಂದು ಚೀಲಕ್ಕೆ ಹಾಕಿಕೊಂಡರು. ಅವರ ಹುಡುಗ ಸೊಂಟಕ್ಕೆ ಬೆಲ್ಟ್ ಇಲ್ಲದೆ, ಪಡುವಣದಲ್ಲಿ ಮಿಂಚುತ್ತಿದ್ದಾಗಲೇ ಹತ್ತಲು ಹೊರಟಿದ್ದ. ನಮ್ಮ ಹಾರ್ನೆಸ್ ಕೊಟ್ಟು, ಮೋಡ ಸರಿಯುವವರೆಗೆ ಕೂರಿಸಿದೆವು. ಇಂಥವರನ್ನು ಟವರ್ ಹತ್ತಿಸಿ ಏನಾದರೂ ಆದರೆ ಉತ್ತರ ಹೇಳಬೇಕಾದವರು ನೀವು, ಅವರಲ್ಲ.

ಹೊಸ ರೇಡಿಯೊ ಬಂದರೂ −81 ಹೆಚ್ಚುಕಡಿಮೆ −81 ಆಗಿಯೇ ಉಳಿಯಿತು. ಆಗ ಶುರುವಾಯಿತು ನಿಜವಾದ ಅನಾಹುತ. ‘ಒಂದು ಟ್ರಿಕ್ ಇದೆ’ ಎಂದು ಅವರು ರೇಡಿಯೊದ ಸೆಟ್ಟಿಂಗ್‌ನಲ್ಲಿ ದೇಶವನ್ನೇ ಬದಲಾಯಿಸಿದರು. ಭಾರತ ಎಂದಿದ್ದಾಗ ರೇಡಿಯೊ ಇಲ್ಲಿನ ಮಿತಿಯೊಳಗೆ ಇರುತ್ತದೆ. ಬೇರೆ ದೇಶ ಹಾಕಿದರೆ ಪವರ್ ಮಿತಿಯೂ ಚಾನೆಲ್ ಪಟ್ಟಿಯೂ ಬದಲಾಗುತ್ತದೆ. ಪವರ್ ತುತ್ತತುದಿಗೆ ಏರಿಸಿ, ಚಾನೆಲನ್ನು 5910 ಮೆಗಾಹರ್ಟ್ಸ್‌ಗೆ ಇಟ್ಟು, ‘ನೋಡಿ, ಇಲ್ಲಿ ಯಾರೂ ಇಲ್ಲ’ ಎಂದರು. ಯಾರೂ ಇಲ್ಲದಿರುವುದಕ್ಕೆ ಕಾರಣವಿದೆ. 2018ರ ಅಕ್ಟೋಬರ್‌ನ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನಲ್ಲಿ ಪರವಾನಗಿ ಬೇಕಿಲ್ಲದೆ ಬಿಟ್ಟುಕೊಟ್ಟದ್ದು 5150ರಿಂದ 5350, 5470ರಿಂದ 5725, 5725ರಿಂದ 5875 ಮೆಗಾಹರ್ಟ್ಸ್‌ವರೆಗೆ, ಒಟ್ಟು 605 ಮೆಗಾಹರ್ಟ್ಸ್. 5875ರ ಆಚೆ ಅದರಲ್ಲಿಲ್ಲ. ಒಳಗಿನದ್ದಕ್ಕೂ ಪವರ್ ಮಿತಿ ಇದೆ, ಇನ್ನೊಬ್ಬರ ಸೇವೆಗೆ ಅಡ್ಡಿ ಮಾಡಬಾರದೆಂಬ ಷರತ್ತಿದೆ. ಸಿಕ್ಕಿಬಿದ್ದರೆ ದಾಖಲೆಯಲ್ಲಿರುವುದು ಇಂಟರ್‌ನೆಟ್ ಕೊಡುವವನ ಹೆಸರು. ಲ್ಯಾಪ್‌ಟಾಪ್ ಮಡಚಿಕೊಂಡು ಹೋದವನ ಹೆಸರಲ್ಲ.

ಬೀದರ್ ಕಡೆಯವರು ಇನ್ನೂ ಒಂದು ಕಾರಣಕ್ಕೆ ಎಚ್ಚರವಾಗಿರಬೇಕು. ವಾಯುಪಡೆಯ ನೆಲೆಯಿರುವ ಊರು ಅದು. 5 ಗಿಗಾಹರ್ಟ್ಸ್‌ನ ನಡುಭಾಗವನ್ನು ರೇಡಾರ್‌ಗಳೂ ಬಳಸುತ್ತವೆ. ಹವಾಮಾನ ರೇಡಾರ್‌ಗಳು ಸಾಮಾನ್ಯವಾಗಿ 5600ರಿಂದ 5650ರ ನಡುವೆ ಇರುತ್ತವೆ. ರೇಡಾರ್ ಕೇಳಿಸಿದರೆ ಚಾನೆಲ್ ಬಿಟ್ಟು ಓಡುವ ವ್ಯವಸ್ಥೆ ರೇಡಿಯೊದೊಳಗೇ ಇರುತ್ತದೆ. ಕೊಂಡಿ ಇದ್ದಕ್ಕಿದ್ದಂತೆ ಕಡಿದು, ಒಂದು ನಿಮಿಷ ಮೌನವಾಗಿದ್ದು, ಬೇರೆ ಚಾನೆಲ್‌ನಲ್ಲಿ ಎದ್ದು ಕುಳಿತರೆ ಬಹುಮಟ್ಟಿಗೆ ಅದೇ ಕಾರಣ. ದೇಶ ಬದಲಾಯಿಸುವ ಟ್ರಿಕ್ ಈ ಕಿವಿಯನ್ನೂ ಮುಚ್ಚಿಸಿಬಿಡಬಹುದು.

ಪವರ್ ಏರಿಸಿದ್ದರಿಂದ ಬಿದ್ದ ಚೈನ್ ಎರಡು ಮೂರು ಡೆಸಿಬಲ್ ಮೇಲೆ ಬಂತು, ನಿಜ. ಆದರೆ ಅವರ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ‘ಎಲ್ಲದಕ್ಕೂ ಹಾಕಿಬಿಡುತ್ತೇನೆ’ ಎಂದು ಸೆಕ್ಟರ್‌ಗಳ ಪವರನ್ನೂ ತುದಿಗೆ ಒಯ್ದಿದ್ದರು. ಅದೇ ಟವರ್‌ನಲ್ಲಿ ಪಕ್ಕಪಕ್ಕ ಕುಳಿತ ಸೆಕ್ಟರ್‌ಗಳ ಗದ್ದಲದ ಮಟ್ಟ −95ರಿಂದ −80ರ ಹತ್ತಿರಕ್ಕೆ ಏರಿತು. ಶರಣಬಸವೇಶ್ವರ ಜಾತ್ರೆಯಲ್ಲಿ ಎದುರುಬದುರು ಅಂಗಡಿಗಳು ಪೈಪೋಟಿಗೆ ಧ್ವನಿವರ್ಧಕ ಹೆಚ್ಚಿಸಿದರೆ ಗಿರಾಕಿಗೆ ಎರಡೂ ಕೇಳಿಸುವುದಿಲ್ಲವಲ್ಲ, ಹಾಗಾಯಿತು. ದೂರದ ಹಳ್ಳಿಯ, ಮೊದಲೇ −75ರಲ್ಲಿ ಉಸಿರಾಡುತ್ತಿದ್ದ ಮನೆಗಳು ಒಂದೊಂದಾಗಿ ಕಳಚಿಕೊಂಡವು. ಒಂದು ಕೊಂಡಿಯ ರೋಗಕ್ಕೆ ಇಡೀ ಟವರ್ ಮಲಗಿತು. ತಜ್ಞರ ಉತ್ತರ: ‘ಆಚೆ ತುದಿಯ ರೇಡಿಯೊ ಕೂಡ ಹೋಗಿದೆ ಸರ್.’

ಆಚೆ ತುದಿಯ ಆ ರೇಡಿಯೊವನ್ನು ಅವರ ಕೈಗೆ ಕೊಡಲಿಲ್ಲ. ನಮ್ಮ ಹುಡುಗ ಅದನ್ನು ಇಳಿಸಿ ತಂದು, ಮೇಜಿನ ಮೇಲೆ ಇನ್ನೊಂದು ರೇಡಿಯೊದೊಂದಿಗೆ, ಪವರ್ ತೀರಾ ಕಡಿಮೆ ಮಾಡಿ ಕೂಡಿಸಿ ನೋಡಿದ. ಎರಡೂ ಚೈನ್ ಸಮಸಮ. ರೇಡಿಯೊ ಕಲ್ಲಿನಂತೆ ಗಟ್ಟಿಯಾಗಿತ್ತು.

ಕೊನೆಗೆ ಈ ಗಂಟು ಬಿಡಿಸಿದವರು ಸೇಡಂ ಕಡೆಯ ಸ್ನೇಹಿತರು, ಇದೇ ಕಸುಬಿನವರು. ಅವರು ಲ್ಯಾಪ್‌ಟಾಪ್‌ಗಿಂತ ಮೊದಲು ಹಾರ್ನೆಸ್ ಕೇಳಿದರು. ಮೇಲೆ ಹೋಗಿ, ರೇಡಿಯೊ ಆಫ್ ಮಾಡಿಸಿ, ರೇಡಿಯೊ ಕಡೆಯ ತುದಿಯಲ್ಲಿ ಮಾತ್ರ ಎರಡು ಜಂಪರ್‌ಗಳನ್ನು ಅದಲುಬದಲು ಮಾಡಿ, ಮತ್ತೆ ಆನ್ ಮಾಡಿಸಿದರು. ಬಿದ್ದ ಸಂಖ್ಯೆ ಈಗ ಮೊದಲ ಚೈನ್‌ಗೆ ಬಂದಿತ್ತು. ಅಂದರೆ ಕೇಡು ರೇಡಿಯೊದ ಪೋರ್ಟಿನಲ್ಲಿಲ್ಲ, ಕೇಬಲ್ ಜೊತೆಗೆ ಸ್ಥಳ ಬದಲಿಸಿದೆ. ಆ ಜಂಪರ್ ಬಿಚ್ಚಿ ಹೊಸದನ್ನು ಹಾಕಿದ ಕೂಡಲೇ ಎರಡೂ ಚೈನ್ −64, −65. ಹೊಸ ರೇಡಿಯೊ ಕೊಳ್ಳುವ ಮೊದಲು ಯಾರಾದರೂ ಮಾಡಬಹುದಾಗಿದ್ದ, ಒಂದು ಸ್ಪ್ಯಾನರ್‌ನ ಕೆಲಸ.

ಆ ಹಳೆಯ ಜಂಪರ್ ಈಗಲೂ ನನ್ನ ಮೇಜಿನ ಮೇಲಿದೆ. ಆಂಟೆನಾ ಕಡೆಯ ಕನೆಕ್ಟರ್ ತಿರುಗಿಸಿದಾಗ ಮೊದಲು ಅಂಗೈ ಮೇಲೆ ಬಿದ್ದದ್ದು ನೀರು. ನಡುವಿನ ಪಿನ್ನಿನ ಮೇಲೆ ಹಸಿರು ಕಿಲುಬು. ಹೊರಪದರವನ್ನು ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರದ ಹೆಣಿಗೆ ಒಂದು ಗೇಣು ಉದ್ದಕ್ಕೆ ಕಪ್ಪಾಗಿತ್ತು. ನೀರು ಆ ಹೆಣಿಗೆಯ ಸಂದಿನಲ್ಲಿ ನಿಧಾನವಾಗಿ ಹರಿದಿತ್ತು. ಸುತ್ತಿದ್ದದ್ದು ಮನೆಯ ವೈರಿಂಗ್‌ಗೆ ಬಳಸುವ ಕಪ್ಪು ಇನ್ಸುಲೇಷನ್ ಟೇಪ್, ಅದೂ ಮೇಲಿನಿಂದ ಕೆಳಕ್ಕೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದರ ಅಂಟು ಕರಗಿ, ಪದರಗಳು ಬಾಯಿ ಬಿಟ್ಟು ನಿಂತಿದ್ದವು. ಆಂಟೆನಾ ಅಳವಡಿಸಿಕೊಟ್ಟವರೂ ಇದೇ ತಜ್ಞರು ಎಂಬುದನ್ನು ಹೇಳದಿದ್ದರೆ ಕಥೆ ಅಪೂರ್ಣ. ಬೆಳಗಿನ ತಂಪಿನಲ್ಲಿ ಕೆಟ್ಟು, ಮಧ್ಯಾಹ್ನದ ಬಿಸಿಲಿಗೆ ಸುಧಾರಿಸುತ್ತಿದ್ದ ಸಿಗ್ನಲ್‌ನ ಗುಟ್ಟು ಅಷ್ಟೇ: ಕನೆಕ್ಟರ್ ಒಳಗಿನ ನೀರು ಕಾದು ಒಣಗುತ್ತಿತ್ತು, ರಾತ್ರಿ ಮತ್ತೆ ತಣಿದು ಕೂಡುತ್ತಿತ್ತು. ಕೆಲವು ನೂರು ರೂಪಾಯಿಯ ಕೇಬಲ್ಲಿಗೆ ಹಲವು ಸಾವಿರದ ರೇಡಿಯೊ ಕೊಂಡಂತಾಯಿತು.

ಕನೆಕ್ಟರ್‌ಗೆ ಬೇಕಾದದ್ದು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಅದನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಒಳ್ಳೆಯ ವಿನೈಲ್ ಟೇಪ್ ಹಾಕಬೇಕು. ಕೇಬಲ್ ಕನೆಕ್ಟರ್‌ಗೆ ಸೇರುವ ಮುನ್ನ ಕೆಳಕ್ಕೆ ಒಂದು ಬಳಸು ಬಿಟ್ಟರೆ ಹರಿದುಬಂದ ನೀರು ಆ ಬಳಸಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಮುಂಗಾರಿಗೆ ಮೊದಲು ಮಾಡಿಸಿ. ಮೇ ತಿಂಗಳಲ್ಲಾದರೆ ಬೆಳಿಗ್ಗೆ ಎಂಟರೊಳಗೆ, ಆಮೇಲೆ ಟವರ್‌ನ ಕಬ್ಬಿಣ ಮುಟ್ಟಲಾಗುವುದಿಲ್ಲ.

ಎರಡೂ ಚೈನ್ ಒಟ್ಟಿಗೆ, ಸಮನಾಗಿ ಬಿದ್ದರೆ ಅದು ಬೇರೆ ಕಥೆ. ಬಿರುಗಾಳಿಗೆ ಡಿಶ್ ತಿರುಗಿರಬಹುದು. 30 ಡೆಸಿಬಲ್ ಡಿಶ್‌ನ ನೋಟ ಐದಾರು ಡಿಗ್ರಿಯಷ್ಟೇ ಅಗಲ. ಅಥವಾ ದಾರಿಯ ನಡುವೆ ಮರ ಬೆಳೆದಿರಬಹುದು, ಗೋದಾಮು ಎದ್ದಿರಬಹುದು. ಕಣ್ಣಿಗೆ ಆಚೆಯ ಟವರ್ ಕಂಡರೆ ಸಾಲದು: ಹತ್ತು ಕಿಲೋಮೀಟರ್ ಕೊಂಡಿಯ ನಟ್ಟನಡುವೆ ನೇರ ಗೆರೆಯ ಸುತ್ತ ಹನ್ನೊಂದು ಮೀಟರ್‌ವರೆಗಿನ ಜಾಗ ಲೆಕ್ಕಕ್ಕೆ ಬರುತ್ತದೆ, ಅದರಲ್ಲಿ ಆರೇಳು ಮೀಟರಾದರೂ ತೆರವಾಗಿರಬೇಕು. ಎರಡೂ ಚೈನ್ ಚೆನ್ನಾಗಿದ್ದು ವೇಗ ಮಾತ್ರ ಇಲ್ಲದಿದ್ದರೆ ಗದ್ದಲ ನೋಡಿ, ಇಲ್ಲವೇ ಕೆಳಗಿಳಿದು ಬರುವ ಲ್ಯಾನ್ ಕೇಬಲ್ ನೋಡಿ.

ಇನ್ನು ನಮ್ಮ ತಜ್ಞರು. ಹೋಗುವ ಮುನ್ನ ರೇಡಿಯೊಗಳ ಪಾಸ್‌ವರ್ಡ್ ಬದಲಾಯಿಸಿ, ಬಾಕಿ ಕೊಟ್ಟರೆ ಹೇಳುತ್ತೇನೆ ಎಂದು ಕುಳಿತರು. ಮೇಲೆ ಹತ್ತಿ ಒಂದೊಂದನ್ನೂ ರೀಸೆಟ್ ಮಾಡಿ, ದೇಶವನ್ನು ಮತ್ತೆ ಭಾರತಕ್ಕೆ ತಂದು, ಪವರ್ ಇಳಿಸಿದ ದಿನವೇ ದೂರದ ಹಳ್ಳಿಯ ಮನೆಗಳು ತಾವಾಗಿಯೇ ಮರಳಿದವು. ಹಣ ಮರಳಿಲ್ಲ. ಗ್ರಾಹಕರ ಆಯೋಗದ ದಾರಿಯೂ ಸಲೀಸಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ, ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡದ್ದು ಎಂದು ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಅವರು ಕೊಟ್ಟ ಬಿಲ್ಲಿನಲ್ಲಿ ‘ಸಿಗ್ನಲ್ ದುರಸ್ತಿ’ ಎಂಬ ಎರಡು ಪದ ಬಿಟ್ಟರೆ ಏನೂ ಇಲ್ಲ. ನಿಮ್ಮ ಬಿಲ್ಲಿನಲ್ಲಿ ಎರಡೂ ಚೈನ್‌ಗಳ ಮೊದಲಿನ ಮತ್ತು ನಂತರದ ಸಂಖ್ಯೆ, ಚಾನೆಲ್, ದೇಶದ ಸೆಟ್ಟಿಂಗ್, ಬಿಚ್ಚಿದ ರೇಡಿಯೊದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪಾಸ್‌ವರ್ಡ್ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹಳೆಯ ರೇಡಿಯೊ ಸುಟ್ಟಿದ್ದರೂ ನಿಮ್ಮ ಬಳಿಯೇ ಇರಲಿ.

ನಮ್ಮದನ್ನು ಅವರು ಗುಜರಿಗೆ ಹಾಕಿದ್ದಾರೆಂದು ನಾನು ನಂಬುವುದಿಲ್ಲ. ಈಗ ಶಹಾಪುರ, ಸುರಪುರ ಕಡೆ ಓಡಾಡುತ್ತಿದ್ದಾರೆಂದು ಕೇಳಿದ್ದೇನೆ. ಆ ಭಾಗದಲ್ಲಿ ಯಾರಾದರೂ ‘ರಿಪೇರಿಯಾದ ರೇಡಿಯೊ, ಅರ್ಧ ಬೆಲೆ’ ಎಂದು ತಂದರೆ ಹಿಂಬದಿಯ ಸೀರಿಯಲ್ ನಂಬರ್ ಓದಿ ನನಗೆ ತಿಳಿಸಿ. ಖರೀದಿಯ ರಸೀದಿ ನನ್ನ ಬಳಿ ಇದೆ.