ಹಾಸನದ ಭಾನುವಾರದ ಸೈನ್ಸ್ ಕ್ಲಾಸು: ಮೇಷ್ಟ್ರಿಗೆ ಫುಲ್ ಮಾರ್ಕ್ಸ್, ಕಿಟ್‌ಗೆ ಸೊನ್ನೆ

ಮೂರು ತಿಂಗಳಿಂದ ಆರನೇ ಕ್ಲಾಸಲ್ಲಿರೋ ನನ್ನ ಮಗನ್ನ ಇಲ್ಲೊಂದು ಭಾನುವಾರದ ಸೈನ್ಸ್ ಕ್ಲಾಸಿಗೆ ಕಳಿಸ್ತಿದೀನಿ, ಹೇಗಿದೆ ಹೇಗಿದೆ ಅಂತ ಬೀದೀಲಿ ಸಿಕ್ಕೋರೆಲ್ಲ ಕೇಳ್ತಾ ಇದಾರೆ, ಒಬ್ಬೊಬ್ಬರಿಗೂ ಹೇಳೋ ಬದಲು ಬರೆದೇ ಬಿಡ್ತೀನಿ. ಹೆಸರು ಹಾಕಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಹಾರ್ಡ್‌ವೇರ್ ಅಂಗಡಿ ಮೇಲಿನ ಮಹಡಿ, ಬೆಳಿಗ್ಗೆ 10ರಿಂದ 12, ತಿಂಗಳಿಗೆ 1,200 ರೂಪಾಯಿ. ನಡೆಸೋರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಜೊತೆಗೊಬ್ಬ ಅಸಿಸ್ಟೆಂಟ್ ಹುಡುಗ.

ಮೊದಲನೇ ದಿನ ನಾನೂ ಹಿಂದೆ ಕೂತಿದ್ದೆ. ಮೇಷ್ಟ್ರು ಒಂದು ಫುಟ್‌ಬಾಲ್ ಇಟ್ಟು ಇದು ಭೂಮಿ ಅಂದ್ರು, ಟೆನಿಸ್ ಬಾಲ್‌ಗಿಂತ ಒಂಚೂರು ಸಣ್ಣ ಬಾಲ್ ಒಂದು ಕೊಟ್ಟು ಇದು ಚಂದ್ರ, ಎಷ್ಟು ದೂರ ಇಡ್ತೀರೋ ಇಡಿ ಅಂದ್ರು. ಮಕ್ಕಳೆಲ್ಲ ಒಂದಡಿ, ಎರಡಡಿ ದೂರ ಇಟ್ರು, ನಿಜ ಹೇಳ್ತೀನಿ ನನ್ನ ಕೇಳಿದ್ರೂ ಅಷ್ಟೇ ಇಡ್ತಿದ್ದೆ. ಮೇಷ್ಟ್ರು ಟೇಪ್ ಹಿಡಿದು ಆರೂವರೆ ಮೀಟರ್ ಅಳೆದು ಚಂದ್ರನ್ನ ತಗೊಂಡೋಗಿ ಆಚೆ ಗೋಡೆ ಹತ್ರ ಕಿಟಕಿ ಮೇಲೆ ಕೂರಿಸಿದ್ರು. ಆಮೇಲೆ ಸ್ಪೇಸ್ ಸ್ಟೇಷನ್ ಎಲ್ಲಿ ಅಂತ ಕೇಳಿದ್ರು. ಬಾಲಿಂದ 7 ಮಿಲಿಮೀಟರ್ ಮೇಲೆ! ಕಿರುಬೆರಳಿನ ದಪ್ಪಾನೂ ಇಲ್ಲ, 400 ಕಿಲೋಮೀಟರ್ ಅಂದ್ರೆ ಈ ಲೆಕ್ಕದಲ್ಲಿ ಅಷ್ಟೇ. ಸಾಲಗಾಮೆ ರೋಡಲ್ಲಿ ನಮ್ಮ ಎಂಸಿಎಫ್, ಅಂದ್ರೆ ಇಸ್ರೋದವರ ಸ್ಯಾಟಲೈಟ್ ಕಂಟ್ರೋಲ್ ಸೆಂಟರ್ ಇದೆಯಲ್ಲ, ಅವರು 1982ರಿಂದ ನೋಡ್ಕೊಳ್ತಿರೋ ಇನ್‌ಸ್ಯಾಟ್, ಜಿಸ್ಯಾಟ್ ಸ್ಯಾಟಲೈಟೆಲ್ಲಾ 36,000 ಕಿಲೋಮೀಟರ್ ಮೇಲೆ, ಅದು ಬಾಲಿಂದ ಎರಡಡಿ. ಭೂಮಿ ಜೊತೆಗೇ ಒಂದೇ ಸ್ಪೀಡಲ್ಲಿ ಸುತ್ತೋದ್ರಿಂದ ಅವು ನಮಗೆ ನಿಂತಲ್ಲೇ ನಿಂತ ಹಾಗೆ ಕಾಣ್ತವೆ, ಅದಕ್ಕೇ ಟಿವಿ ಡಿಶ್ಶನ್ನ ಒಂದ್ಸಲ ತಿರುಗಿಸಿ ಫಿಟ್ ಮಾಡಿದ್ರೆ ಮುಗೀತು. ವಾಪಸ್ ಬರ್ತಾ ದಾರಿಯುದ್ದಕ್ಕೂ ನನ್ನ ಮಗ ಮನೆಗಳ ಮೇಲಿನ ಡಿಶ್ ಎಣಿಸ್ಕೊಂಡೇ ಬಂದ, ಎಲ್ಲಾ ಹೆಚ್ಚುಕಮ್ಮಿ ದಕ್ಷಿಣ-ಪೂರ್ವದ ಕಡೆಗೇ ಮುಖ ಮಾಡಿವೆ ಅಪ್ಪಾ ಅಂತ. ನಲವತ್ತು ವರ್ಷ ಇದೇ ಊರಲ್ಲಿದೀನಿ, ಒಂದು ದಿನ ನೋಡಿರ್ಲಿಲ್ಲ.

ಸೂರ್ಯನ್ನ ನೋಡೋಕೆ ಇಸ್ರೋ ಕಳಿಸಿರೋ ಆದಿತ್ಯ-ಎಲ್1 ಇಡೋಕೆ ಮಕ್ಕಳನ್ನ ಮೆಟ್ಟಿಲಿಳಿಸಿ ರೋಡ್ ದಾಟಿಸ್ಬೇಕಾಯ್ತು, 15 ಲಕ್ಷ ಕಿಲೋಮೀಟರ್ ಅಂದ್ರೆ 26 ಮೀಟರ್. ಸೂರ್ಯ ಎಲ್ಲಿ ಅಂದ್ರೆ ಇಲ್ಲಿಂದ ಎರಡೂವರೆ ಕಿಲೋಮೀಟರ್ ದೂರ ಅಂತೆ, ಅದಕ್ಕೆ ಯಾರೂ ಹೋಗ್ಲಿಲ್ಲ ಬಿಡಿ.

ಇನ್ನೊಂದು ಭಾನುವಾರ ಅಸಿಸ್ಟೆಂಟ್ ಹುಡುಗ ಸ್ಪೇಸ್ ಸ್ಟೇಷನ್ನಲ್ಲಿ ಗ್ರಾವಿಟಿನೇ ಇಲ್ಲ ಅದಕ್ಕೇ ತೇಲ್ತಾರೆ ಅಂದುಬಿಟ್ಟಿದಾನೆ, ಮೇಷ್ಟ್ರಿಗೆ ಗೊತ್ತಾಗಿ ಮುಂದಿನ ವಾರ ಎಲ್ಲರನ್ನೂ ಟೆರೇಸಿಗೆ ಹತ್ತಿಸಿದ್ರು. ಬಿಸ್ಲೇರಿ ಬಾಟಲಿಗೆ ಕಾಯಿಸಿದ ಮೊಳೆಯಿಂದ ಕೆಳಗಡೆ ತೂತು, ನೀರು ತುಂಬಿ ಮುಚ್ಚಳ ತೆಗೆದ್ರೆ ತೂತಿಂದ ಸೊರ್ ಅಂತ ನೀರು ಬರುತ್ತಲ್ವಾ, ಹಾಗೇ ಬಾಟಲಿನ ಮೇಲಿಂದ ಕೈಬಿಟ್ರೆ ಬೀಳೋ ಅಷ್ಟೂ ಹೊತ್ತು ನೀರು ನಿಂತೋಗುತ್ತೆ ಕಣ್ರೀ! ಕೆಳಗಿದ್ದ ಒಬ್ಬ ಹುಡುಗ ಫೋನಲ್ಲಿ ಸ್ಲೋ ಮೋಷನ್ ತೆಗೆದಿದ್ದ, ನಾನು ಹತ್ತು ಸಲ ನೋಡಿದೆ. ಬಾಟಲಿನೂ ನೀರೂ ಒಂದೇ ಸಮ ಬೀಳ್ತಿರೋವಾಗ ಯಾರು ಯಾರನ್ನ ತಳ್ಳಬೇಕು ಅಂದ್ರು ಮೇಷ್ಟ್ರು. ಅಲ್ಲಿ ಮೇಲೂ ನೆಲದಲ್ಲಿರೋ ಗ್ರಾವಿಟಿಯ ಸುಮಾರು 90 ಪರ್ಸೆಂಟ್ ಇದ್ದೇ ಇದೆ, ಸ್ಟೇಷನ್ನೂ ಬೀಳ್ತಾನೇ ಇದೆ, ಆದ್ರೆ ಗಂಟೆಗೆ 28,000 ಕಿಲೋಮೀಟರ್ ಸ್ಪೀಡಲ್ಲಿ ಪಕ್ಕಕ್ಕೂ ಓಡ್ತಿರೋದ್ರಿಂದ ನೆಲ ಸಿಗೋ ಹೊತ್ತಿಗೆ ನೆಲಾನೇ ಬಾಗಿ ಹೋಗಿರುತ್ತೆ. ಅಸಿಸ್ಟೆಂಟ್ ಹುಡುಗನೂ ಅಲ್ಲೇ ನಿಂತು ಕೇಳಿಸ್ಕೊಂಡ, ಪಾಪ.

ಲ್ಯಾಂಡಿಂಗ್ ಎಕ್ಸ್‌ಪೆರಿಮೆಂಟಿಗೆ ಮೊಟ್ಟೆ ತರಬೇಕಿತ್ತು, ಕೆಲವು ಪೇರೆಂಟ್ಸ್ ಬೇಡ ಅಂದಿದ್ದಕ್ಕೆ ಹಣ್ಣು ಟೊಮ್ಯಾಟೊ ಆಯ್ತು. ಎಲ್ಲರೂ ಪ್ಲಾಸ್ಟಿಕ್ ಕವರಲ್ಲಿ ಪ್ಯಾರಾಶೂಟ್ ಕಟ್ಕೊಂಡು ಬಂದಿದ್ರು, ಚೆನ್ನಾಗೇ ಇಳೀತು, ಆಮೇಲೆ ಮೇಷ್ಟ್ರು ಚಂದ್ರನ ಮೇಲೆ ಗಾಳಿ ಇದೆಯೇನ್ರೋ ಅಂತ ಕೇಳಿ ಎಲ್ಲರ ಕವರ್ ಬಿಚ್ಚಿಸಿದ್ರು. ಪಚಕ್. 2019ರಲ್ಲಿ ಚಂದ್ರಯಾನ-2ಕ್ಕೂ ಹಿಂಗೇ ಆಗಿದ್ದು, ಅದಕ್ಕೇ ಮುಂದಿನ ಸಲ ಚಂದ್ರಯಾನ-3ಕ್ಕೆ ಕಾಲು ಗಟ್ಟಿ ಮಾಡಿ ಜಾಸ್ತಿ ಇಂಧನ ಹಾಕಿ ಇಂಜಿನ್ ಉರಿಸ್ಕೊಂಡೇ 2023ರ ಆಗಸ್ಟ್ 23ರ ಸಂಜೆ ಇಳಿಸಿದ್ರು ಅಂತ ಹೇಳಿದ್ರಂತೆ. ನಮ್ಮನೆಯವಳು ಕಿಲೋ ಟೊಮ್ಯಾಟೊ ರೇಟು ಗೊತ್ತಾ ಅಂತ ಒಂದು ಮಾತು ಅಂದ್ಲು. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಸ್ಪೇಸ್ ಸ್ಟೇಷನ್ನಿಗೆ ಹೋದಾಗ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ರಲ್ಲ, ಆ ಪ್ರಯೋಗ ನಮ್ಮ ಧಾರವಾಡದವರದ್ದೇ, ಅದನ್ನ ಕೇಳ್ಕೊಂಡು ಬಂದು ನನ್ನ ಮಗ ಬಸ್ಸಾರಿಗೆ ನೆನೆಹಾಕಿದ್ದ ಕಾಳನ್ನೂ ಬಿಡ್ಲಿಲ್ಲ, ಲೋಟದಲ್ಲಿ ಒದ್ದೆ ಹತ್ತಿ ಇಟ್ಟು ಅಡ್ಡ ಮಲಗಿಸಿದ, ನಾಲ್ಕು ದಿನಕ್ಕೆ ಬೇರುಗಳೆಲ್ಲ ಬಾಗಿ ಕೆಳಗೇ ತಿರುಗಿದ್ವು.

ಈಗ ಬೈಗುಳ. ಸೇರಿಸೋವಾಗ 950 ರೂಪಾಯಿ ಕೊಟ್ಟು ಕಿಟ್ ತಗೊಳ್ಳೇಬೇಕು. ಅದರಲ್ಲಿರೋ ಟೆಲಿಸ್ಕೋಪು ಪ್ಲಾಸ್ಟಿಕ್ ಲೆನ್ಸಿಂದು, ಅದರಲ್ಲಿ ಎದುರು ಮನೆ ನೀರಿನ ಟ್ಯಾಂಕೂ ಮಸುಕು ಮಸುಕು. ಎಲ್‌ಇಡಿ ವೈರು ಮೊದಲನೇ ದಿನವೇ ಕಿತ್ತೋಯ್ತು, ಮೂರು ತಿಂಗಳಲ್ಲಿ ಉಪಯೋಗಕ್ಕೆ ಬಂದಿದ್ದು ಬಲೂನ್ ಪಂಪ್ ಒಂದೇ. ವಾಪಸ್ ತಗೊಳ್ಳಿ ಅಂದ್ರೆ ಅದು ಬೇರೆ ಕಡೆಯಿಂದ ಬರೋದು ಸರ್ ಅಂತ ಅಸಿಸ್ಟೆಂಟ್ ಜಾರ್ಕೊಂಡ. ಮೇಷ್ಟ್ರು ಮಾಡಿಸೋದೆಲ್ಲ ಬಾಟಲಿ, ಟೊಮ್ಯಾಟೊ, ಈನೋ ಪ್ಯಾಕೆಟ್ ಇಟ್ಕೊಂಡು, ಹಾಗಿದ್ಮೇಲೆ ಈ ಡಬ್ಬ ಯಾಕೆ ಬೇಕಿತ್ತೋ.

ಕೊನೆ ಅರ್ಧ ಗಂಟೆ 'ಸ್ಪೇಸ್ ನ್ಯೂಸ್' ಅಂತ, ಅದನ್ನ ನಡೆಸೋನು ಆ ಹುಡುಗ. ಪ್ರೊಜೆಕ್ಟರಲ್ಲಿ ವಿಡಿಯೋ ಹಾಕಿ ಸುಮ್ನೆ ಕೂತ್ಕೊಳ್ತಾನೆ, ಒಂದಿನ ವಾಟ್ಸಾಪಲ್ಲಿ ಬಂದಿದ್ದನ್ನೇ ತಂದು ಆಗಸ್ಟಲ್ಲಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತೆ ಅಂದಿದಾನೆ. ನನ್ನ ಮಗ ಎದ್ದು ನಿಂತು ಫುಟ್‌ಬಾಲ್ ಲೆಕ್ಕದಲ್ಲಿ ಮಂಗಳ ಎಲ್ಲಿರುತ್ತೆ ಅಂತ ಕೇಳಿದ್ನಂತೆ. ಆಮೇಲೆ ಎಲ್ಲಾ ಸೇರಿ ಬೋರ್ಡ್ ಮೇಲೆ ಲೆಕ್ಕ ಹಾಕಿದ್ರೆ ಭೂಮಿಗೆ ತುಂಬಾ ಹತ್ರ ಬಂದಿದ್ದ 2003ರಲ್ಲೂ ಅದು 5.58 ಕೋಟಿ ಕಿಲೋಮೀಟರ್, ಅಂದ್ರೆ ಸುಲಿದ ತೆಂಗಿನಕಾಯಿ ಗಾತ್ರದ ಮಂಗಳ ಇಲ್ಲಿಂದ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ದೂರ. ಕಾಯಿ ಒಂದು ಕಿಲೋಮೀಟರಿಂದ ಕಾಣುತ್ತಾ ಸರ್ ಅಂದಿದಾನೆ, ಇಡೀ ಕ್ಲಾಸು ನಕ್ಕಿದೆ. ಮೇಷ್ಟ್ರು ಬಾಗಿಲ ಹತ್ರ ನಿಂತು ಏನೂ ಮಾತಾಡ್ದೆ ನೋಡ್ತಾ ಇದ್ರಂತೆ.

ಮುಂದಿನ ಮೂರು ತಿಂಗಳದ್ದೂ ಫೀಸ್ ಕಟ್ಟಿದೀನಿ. ನೀವು ಸೇರಿಸೋದಾದ್ರೆ ಕಿಟ್ ಬೇಡ ಅಂತ ಮೊದಲೇ ಮೇಷ್ಟ್ರ ಹತ್ರಾನೇ ಮಾತಾಡಿ, ಅಸಿಸ್ಟೆಂಟ್ ಹತ್ರ ಬೇಡ. ಗಾಡಿ ಹಾರ್ಡ್‌ವೇರ್ ಅಂಗಡಿ ಮುಂದೆ ನಿಲ್ಲಿಸಬೇಡಿ, ಅಂಗಡಿಯವರು ಬೈತಾರೆ. ಆಮೇಲೆ ಖಾಲಿ ಬಾಟಲಿ ಮನೆಯಿಂದಲೇ ಎರಡು ಕಳಿಸಿ, ಒಂದು ಟೆರೇಸಿಂದ ಬಿದ್ದು ಒಡೆದೇ ಒಡೆಯುತ್ತೆ.