ಗಿಡ್ಡ ಲೀಷೋ, ಉದ್ದ ಲೀಷೋ?

ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಕೈಟ್‌ಬೋರ್ಡಿಂಗ್‌ಗೆ ಯಾವ ಲೀಷ್ ಎಂದು ಕೇಳಿದ್ದೀರಿ. ಪಟದ ಎಳೆತದಿಂದ ಥಟ್ಟನೆ ಬಿಡಿಸಿಕೊಳ್ಳಲು ಇರುವ ಕ್ವಿಕ್ ರಿಲೀಸ್ ತಳ್ಳಿದಾಗ ಪಟ ಒಂದೇ ದಾರಕ್ಕೆ ಜೋತುಬಿದ್ದು ಬಲ ಕಳೆದುಕೊಳ್ಳುತ್ತದೆ. ಆ ದಾರವನ್ನು ನಿಮಗೆ ಕಟ್ಟಿಹಾಕಿರುವುದೇ ಲೀಷ್.

ಗಿಡ್ಡದ್ದು ಮೈಗೆ ಕಟ್ಟಿಕೊಳ್ಳುವ ಪಟ್ಟಿಯಾದ ಹಾರ್ನೆಸ್‌ನ ಮುಂಭಾಗದಲ್ಲಿರುತ್ತದೆ. ಪಟ ಬೇರೆಯವರ ದಾರಕ್ಕೆ ಸುತ್ತಿಕೊಂಡು ನಿಮ್ಮನ್ನು ಎಳೆಯತೊಡಗಿದರೆ, ಲೀಷ್‌ನ ಬಿಡುಗಡೆಯನ್ನೂ ನೋಡದೆಯೇ ತಡವಿ ತಳ್ಳಬಹುದು. ದಡದ ಬಳಿ ಕಲಿಯುವವರಿಗೆ ಇದೇ ಸರಿ. ಉದ್ದದ್ದು ಬೆನ್ನ ಕಡೆ. ಪಟವನ್ನು ನಡೆಸುವ ಹಿಡಿಕೋಲಾದ ಬಾರನ್ನು ಬೆನ್ನ ಹಿಂದಿನಿಂದ ಕೈ ಬದಲಿಸುವ ಕಸರತ್ತಿಗೆ ಅದು ಬೇಕು, ಉಳಿದವರಿಗೆ ಬರೀ ತೊಡಕು.

ಲೀಷೇ ಬೇಡವೆನ್ನುತ್ತೀರಾ? ಸ್ಪೇನಿನ ತರೀಫಾದ ಲಾಸ್ ಲಾನ್ಸೆಸ್ ಕಡಲತೀರದಲ್ಲಿ ಪಶ್ಚಿಮದ ಪೊನಿಯೆಂತೆ ಗಾಳಿಗೆ ಕೈತಪ್ಪಿದ ಪಟ 20 ಮೀಟರಿಗೂ ಉದ್ದದ ದಾರಗಳನ್ನು ಎಳೆದುಕೊಂಡು ಜನರತ್ತ ನುಗ್ಗುತ್ತದೆ. ಪೂರ್ವದ ಲೆವಾಂತೆಯಾದರೆ ಕಡಲಿನತ್ತ. ಆಗ ಪಟವೆಂಬ ತೇಲುವ ಆಸರೆಯೂ ನಿಮಗೆ ಹೋಯಿತು.