ಸ್ನೋದಲ್ಲಿ ಮಾಜ್ದಾ ಮಿಯಾಟಾ: ಹಿಂದಿನ ಚಕ್ರದ್ದಲ್ಲ, ಹೊಟ್ಟೆಯ ಎತ್ತರದ್ದೇ ಚಿಂತೆ

ಮಿಶಿಗನ್, ಮಿನ್ನೆಸೋಟ, ಟೊರಾಂಟೊ ಕಡೆ ಇರುವವರು ಮಿಯಾಟಾ ಅನ್ನುವ ಸಣ್ಣ ಸ್ಪೋರ್ಟ್ಸ್ ಕಾರು ತಗೊಳ್ತೀನಿ ಅಂದರೆ ಸುತ್ತಲಿನವರ ಮಾತು ಒಂದೇ: "ಚಳಿಗಾಲಕ್ಕೆ ಏನ್ ಮಾಡ್ತೀಯ? ಸುಮ್ನೆ ಆಲ್-ವೀಲ್ ಡ್ರೈವ್ ಎಸ್‌ಯುವಿ ತಗೋ ಮಾರಾಯ." ಆಲ್-ವೀಲ್ ಡ್ರೈವ್‌ನಂತೆ ನಾಲ್ಕೂ ಚಕ್ರಕ್ಕಲ್ಲ, ಎಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ, ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಳ. ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಸರಿಯಾದ ಟೈರ್ ಹಾಕಿದ ಮಿಯಾಟಾ, ಪ್ಲೌ ಹೊಡೆದ (ಗಾಡಿಯಿಂದ ಹಿಮ ತಳ್ಳಿ ತೆರವು ಮಾಡಿದ) ರಸ್ತೆಯಲ್ಲಿ ಆಲ್-ಸೀಸನ್ ಟೈರಿನ ಎಸ್‌ಯುವಿಗಿಂತ ಚೆನ್ನಾಗಿ ನಿಲ್ಲುತ್ತದೆ, ಚೆನ್ನಾಗಿ ತಿರುಗುತ್ತದೆ. ಆಲ್-ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು.

ಈ ವಿಮರ್ಶೆ ಎನ್‌ಡಿ ತಲೆಮಾರಿನದು, ಅಂದರೆ 2016ರ ಮಾಡೆಲ್‌ನಿಂದ ಈಚಿನವು. ಅಮೆರಿಕದಲ್ಲಿ ಬರುವ 2 ಲೀಟರ್ ಎಂಜಿನ್ 2018ರ ತನಕ 155 ಎಚ್‌ಪಿ, 2019ರಿಂದ 181. ಮ್ಯಾನುಯಲ್ ಗೇರಿನ ಸಾಫ್ಟ್‌ಟಾಪ್ ಸುಮಾರು 1,060 ಕೆಜಿ ತೂಗುತ್ತದೆ. ಸ್ನೋದಲ್ಲಿ ಈ ಹಗುರತನವೇ ಲಾಭ, ಬ್ರೇಕ್ ಒತ್ತಿದಾಗ ಟೈರು ತಡೆಯಬೇಕಾದ ಭಾರ ಕಡಿಮೆ. ಅಗಲ ಕಡಿಮೆ ಇರುವ ಟೈರು ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತದೆ, ಅಗಲವಾದದ್ದು ಮೇಲೇ ತೇಲುತ್ತದೆ.

ಶೋರೂಮಿನಿಂದ ಬರುವ ಟೈರ್ ಮಾತ್ರ ಚಳಿಗಾಲಕ್ಕೆ ಖಂಡಿತ ಬೇಡ. ಕ್ಲಬ್, ಗ್ರ್ಯಾಂಡ್ ಟೂರಿಂಗ್ ಮಾಡೆಲ್‌ಗಳಲ್ಲಿ 205/45 ಅಳತೆಯ (ಅಗಲ 205 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 45) 17 ಇಂಚಿನ ಸಮ್ಮರ್ ಟೈರ್ ಬರುತ್ತದೆ. ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದರ ರಬ್ಬರು ಬಿಗಿಯಾಗುತ್ತದೆ. ಸ್ನೋ ಬೀಳಬೇಕೆಂದೇ ಇಲ್ಲ, ನವೆಂಬರಿನ ಒಣ ರಸ್ತೆಯಲ್ಲೇ ಎರಡನೇ ಗೇರಿನಲ್ಲಿ ಹಿಂಭಾಗ ಜಾರಲು ಶುರುವಾಗುತ್ತದೆ. ಮೈನಸ್ 7ಕ್ಕೂ ಕೆಳಗೆ ಹೋದ ಮೇಲೆ ಗಾಡಿ ಅಲುಗಾಡಿಸಿದರೆ ಟ್ರೆಡ್ಡಿನಲ್ಲಿ (ನೆಲಕ್ಕೆ ತಾಗುವ ರಬ್ಬರಿನಲ್ಲಿ) ಬಿರುಕು ಬೀಳುವ ಅಪಾಯವಿದೆ. ಆದ್ದರಿಂದ "ಇವತ್ತೊಂದು ದಿನ ಹೋಗಿ ಬರೋಣ" ಅನ್ನುವುದೂ ಬೇಡ.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ ತಗೊಳ್ಳಿ. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ) ಅಂತ ಬರೆದಿದ್ದರೆ ಸಾಲದು. ನಾಲ್ಕೂ ಟೈರ್ ಬದಲಿಸಲೇಬೇಕು. ಹಿಂದೆ ಮಾತ್ರ ವಿಂಟರ್ ಟೈರ್ ಹಾಕಿ ಹಣ ಉಳಿಸುವವರಿದ್ದಾರೆ. ಗಾಡಿ ಸಲೀಸಾಗಿ ಹೊರಡುತ್ತದೆ, ಮೊದಲ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮುಂಭಾಗ ನೆಟ್ಟಗೆ ಹೋಗುತ್ತದೆ, ಅಷ್ಟೇ. ಬ್ರಿಜ್‌ಸ್ಟೋನ್ ಬ್ಲಿಜಾಕ್, ಮಿಶೆಲಿನ್ ಎಕ್ಸ್-ಐಸ್ ಸ್ನೋ, ನೋಕಿಯನ್ ಹಕ್ಕಪೆಲಿಟ್ಟ, ಕಾಂಟಿನೆಂಟಲ್ ವೈಕಿಂಗ್‌ಕಾಂಟ್ಯಾಕ್ಟ್, ಇವುಗಳಲ್ಲಿ ಯಾವುದಾದರೂ ಸೈ. ಯಾವ ಬ್ರ್ಯಾಂಡು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಬದಲು ಅಳತೆಯ ಬಗ್ಗೆ ಯೋಚಿಸಿ.

ಬುದ್ಧಿವಂತಿಕೆಯ ದಾರಿ 17 ಇಂಚಿನಿಂದ 16ಕ್ಕೆ ಇಳಿಯುವುದು. 205/45 ಆರ್17 ಟೈರಿನ ಒಟ್ಟು ವ್ಯಾಸ ಸುಮಾರು 616 ಮಿಮೀ. 195/55 ಆರ್16 ಹಾಕಿದರೆ 621. ವ್ಯತ್ಯಾಸ ಶೇಕಡಾ ಒಂದೂ ಇಲ್ಲ, ಸ್ಪೀಡೋಮೀಟರ್ ಹೆಚ್ಚುಕಡಿಮೆ ಸರಿಯಾಗೇ ತೋರಿಸುತ್ತದೆ. ಟೈರಿನ ಗೋಡೆ 92 ಮಿಮೀಯಿಂದ 107ಕ್ಕೆ ಏರುತ್ತದೆ, ಹಿಮದಡಿ ಕಾಣದ ಗುಂಡಿಗೆ ಬಿದ್ದಾಗ ರಿಮ್ ಬಗ್ಗುವ ಸಂಭವ ಕಡಿಮೆ. ಇನ್ನೂ ಒಂದು ಅನುಕೂಲ, ಇದು ಮಿನಿ ಕೂಪರಿಗೂ ಹೋಗುವ ಅಳತೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಮೂಲದಲ್ಲೇ 195/50 ಆರ್16 ಇರುವ ಸ್ಪೋರ್ಟ್ ಮಾಡೆಲ್‌ನವರು ಅದೇ ಅಳತೆಯಲ್ಲಿ ಉಳಿಯಬಹುದು. 55ಕ್ಕೆ ಏರಿದರೆ ವ್ಯಾಸ ಶೇಕಡಾ 3ರಷ್ಟು ಹೆಚ್ಚಿ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ ಅನ್ನುವುದು ನೆನಪಿರಲಿ.

ರಿಮ್ ಕೊಳ್ಳುವಾಗ ನೋಡಬೇಕಾದ್ದು: ನಾಲ್ಕು ಬೋಲ್ಟು, 100 ಮಿಮೀ ವೃತ್ತ, ನಡುವಿನ ತೂತು 54.1 ಮಿಮೀ. ತೂತು ಅದಕ್ಕಿಂತ ದೊಡ್ಡದಿದ್ದರೆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಹೈವೇಯಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಬ್ರೆಂಬೊ ಬ್ರೇಕ್ ಇರುವ ಗಾಡಿಗೆ ಎಲ್ಲ 16 ಇಂಚಿನ ರಿಮ್ಮೂ ಕೂರುವುದಿಲ್ಲ, ಕ್ಯಾಲಿಪರಿಗೆ ತಾಗುತ್ತದೆ. ಟೈರ್ ಏರಿಸುವ ಮೊದಲು ಖಾಲಿ ರಿಮ್ ಇಟ್ಟು ಕೈಯಲ್ಲಿ ತಿರುಗಿಸಿ ನೋಡುವುದು ಒಳ್ಳೆಯದು. ರಿಮ್ ಬಂದು ಕೂರುವ ಹಬ್ಬಿನ ಮುಖಕ್ಕೆ ಆಂಟಿ-ಸೀಜ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರಿ, ಇಲ್ಲವಾದರೆ ಉಪ್ಪುನೀರಿಗೆ ಅಲಾಯ್ ರಿಮ್ ಹಬ್ಬಿಗೆ ಕಚ್ಚಿಕೊಂಡು ವಸಂತದಲ್ಲಿ ಕಳಚುವುದೇ ಇಲ್ಲ. ಬೋಲ್ಟಿನ ತಿರುಪಿನ ಗೆರೆಗಳಿಗೆ ಮಾತ್ರ ಅದನ್ನು ಸವರಬೇಡಿ, ಬಿಗಿ ಲೆಕ್ಕ ತಪ್ಪುತ್ತದೆ. ನಟ್ಟನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿನ ಆಸುಪಾಸಿಗೆ ಬಿಗಿ ಮಾಡಿ, 80 ಕಿಮೀ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಇನ್ನೊಂದು ಪೇಚಿದೆ. ನಾಲ್ಕು ಚಕ್ರಗಳನ್ನು ಮಿಯಾಟಾದಲ್ಲೇ ಅಂಗಡಿಗೆ ಒಯ್ಯುವುದು ದೊಡ್ಡ ಸಾಹಸ. ಡಿಕ್ಕಿ ಇರುವುದೇ 130 ಲೀಟರ್, ನಾಲ್ಕೂ ಹಿಡಿಸದು. ಟಾಪ್ ತೆಗೆದು ಪಕ್ಕದ ಸೀಟಿನಲ್ಲಿ ಪೇರಿಸಿಕೊಂಡು ಹೋಗುವವರೂ ಇದ್ದಾರೆ, ಅದು ಅಕ್ಟೋಬರಿನಲ್ಲಿ ನಡೆಯುತ್ತದೆ, ಡಿಸೆಂಬರಿನಲ್ಲಿ ನಡೆಯುವುದಿಲ್ಲ. ಟೈರನ್ನು ತಾವೇ ಇಟ್ಟುಕೊಂಡು ಋತುವಿಗೊಮ್ಮೆ ಬದಲಿಸಿಕೊಡುವ ಅಂಗಡಿಗೆ ಬಾಡಿಗೆ ಕೊಡುವುದೇ ಮೇಲು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಕಾನೂನಿನ ಪ್ರಕಾರವೇ ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಲ್ಲ, ಆದರೆ ಹಾಕಿಸಿದವರಿಗೆ ಇನ್ಶೂರೆನ್ಸ್ ಕಂಪನಿಗಳು 2016ರಿಂದ ರಿಯಾಯಿತಿ ಕೊಡಲೇಬೇಕು. ಕೇಳದಿದ್ದರೆ ಕೊಡುವುದಿಲ್ಲ, ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಮಿಯಾಟಾಗೆ ದಾಟಲಾಗದ ಒಂದು ಗೆರೆ ಇದೆ. ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 13ರಿಂದ 14 ಸೆಂಮೀ. ಪುಡಿಪುಡಿಯಾದ ಒಣ ಹಿಮ ಅಷ್ಟೆತ್ತರ ಬಿದ್ದಿದ್ದರೂ ಗಾಡಿ ತಳ್ಳಿಕೊಂಡು ಹೋಗುತ್ತದೆ. ನೀರು ತುಂಬಿದ ಭಾರದ ಹಿಮವಾದರೆ 10 ಸೆಂಮೀ ದಾಟಿತೆಂದರೆ ಬಂಪರಿನಡಿ ಅದು ಒತ್ತಿಕೊಂಡು ಗಟ್ಟಿಯಾಗಿ, ಗಾಡಿಯನ್ನೇ ಮೇಲಕ್ಕೆತ್ತುತ್ತದೆ. ಚಕ್ರದ ಮೇಲಿನ ಭಾರ ಹೋಯಿತು, ಹಿಡಿತ ಹೋಯಿತು. ಕೆಸರಲ್ಲಿ ಕೂತ ಎಮ್ಮೆಯ ಹಾಗೆ, ಎಷ್ಟು ಒದ್ದಾಡಿದರೂ ಏಳದು. ಆಗ ಆಕ್ಸಿಲರೇಟರ್ ಒತ್ತಿ ಪ್ರಯೋಜನವಿಲ್ಲ, ಸಲಿಕೆ ಹಿಡಿದು ಹೊಟ್ಟೆಯಡಿಯ ಹಿಮ ತೆಗೆಯಬೇಕು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್‌ಗಳು ಮುರಿಯುವುದೂ ಇಂಥ ಹೊತ್ತಿನಲ್ಲೇ.

ರಸ್ತೆಗಿಂತ ಡ್ರೈವ್‌ವೇಯ ಬಾಯಿಯೇ ಹೆಚ್ಚು ಕಾಟ ಕೊಡುತ್ತದೆ. ಪ್ಲೌ ಗಾಡಿ ಹೋದ ಮೇಲೆ ಅಲ್ಲಿ ಹಿಮದ ದಿಬ್ಬ ಉಳಿಯುತ್ತದೆ, ರಾತ್ರಿ ಕಳೆದರೆ ಕಲ್ಲಾಗುತ್ತದೆ. ದೊಡ್ಡ ಗಾಡಿಯವರು ಅದರ ಮೇಲೆ ಹತ್ತಿಸಿಕೊಂಡು ಹೋಗಿಬಿಡುತ್ತಾರೆ. ಮಿಯಾಟಾದವರು ಕೆಳಗಿಳಿದು ಅದನ್ನು ಗುದ್ದಿ ಒಡೆಯಲೇಬೇಕು. ಎತ್ತರ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ ಗಾಡಿಗೆ ಚಳಿಗಾಲದ ಮಾತೇ ಬೇಡ.

ಓಡಿಸುವ ರೀತಿಗೆ ಬಂದರೆ, ಎರಡನೇ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು ಹೊರಡಿ. ಹೊರಡುವುದಕ್ಕಿಂತ ವೇಗ ಇಳಿಸುವಾಗ ಹೆಚ್ಚು ಎಚ್ಚರ ಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಗಾಡಿಯನ್ನು ಜೋರಾಗಿ ಹಿಡಿಯುತ್ತದೆ, ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮಂಜುಗಡ್ಡೆಯ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ಥಟ್ಟನೆ ಬಿಟ್ಟರೆ ಹಿಂಭಾಗ ಹೊರಗೆ ಬೀಸುತ್ತದೆ. ಗೇರ್ ಇಳಿಸುವ ಮುಂಚೆ ಎಂಜಿನ್ ವೇಗವನ್ನು ಸ್ವಲ್ಪ ಏರಿಸಿಕೊಳ್ಳಿ, ಅಥವಾ ತಿರುವಿಗೆ ಮೊದಲೇ ನೆಟ್ಟಗಿನ ರಸ್ತೆಯಲ್ಲಿ ಬ್ರೇಕಿನಿಂದ ವೇಗ ಇಳಿಸಿ. ವೀಲ್‌ಬೇಸ್ 2,310 ಮಿಮೀ ಮಾತ್ರ, ಹಾಗಾಗಿ ಜಾರಲು ಶುರುವಾದದ್ದು ಬೇಗ ಬೆಳೆಯುತ್ತದೆ. ಕ್ಲಚ್ ಒತ್ತಿ, ಹೋಗಬೇಕಾದ ಕಡೆ ಕಣ್ಣಿಟ್ಟು, ಸ್ಟಿಯರಿಂಗನ್ನು ಹಿಂಭಾಗ ಜಾರುತ್ತಿರುವ ದಿಕ್ಕಿಗೇ ತಿರುಗಿಸಿ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅನುಮತಿ ಕೇಳಿಕೊಂಡು ಇದನ್ನು ಅಭ್ಯಾಸ ಮಾಡಬಹುದು, ಕಂಬಗಳಿಂದ ದೂರ.

ಕ್ಲಬ್ ಮ್ಯಾನುಯಲ್‌ನಲ್ಲಿ ಬರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಹಿಂದಿನ ಒಂದು ಚಕ್ರ ಮಾತ್ರ ಸುಮ್ಮನೆ ಸುತ್ತದಂತೆ ತಡೆಯುವ ಭಾಗ) ಸ್ನೋಗೆ ವರ ಅಂತ ಹಲವರ ನಂಬಿಕೆ. ಅರ್ಧ ನಿಜ. ಒಂದು ಚಕ್ರ ಹಿಮದಲ್ಲಿ, ಇನ್ನೊಂದು ಡಾಂಬರಿನಲ್ಲಿ ಇದ್ದಾಗ ಅದು ಉಪಕಾರಿ. ಎರಡೂ ಮಂಜುಗಡ್ಡೆಯ ಮೇಲಿದ್ದರೆ ಎರಡೂ ಒಟ್ಟಿಗೆ ತಿರುಗಿ, ರಸ್ತೆಯ ಇಳಿಜಾರಿನ ಕಡೆಗೆ ಹಿಂಭಾಗ ವಾಲುತ್ತದೆ. ಟ್ರ್ಯಾಕ್ಷನ್ ಕಂಟ್ರೋಲನ್ನು ದಾರಿಯಲ್ಲಿ ಆನ್‌ನಲ್ಲೇ ಇಡಿ. ಸಿಕ್ಕಿಹಾಕಿಕೊಂಡಾಗ ಮಾತ್ರ ಅದನ್ನು ಡಿಎಸ್‌ಸಿ ಬಟನ್ನಿನಿಂದ ಆಫ್ ಮಾಡಿ, ಒಂದನೇ ಗೇರು ಮತ್ತು ರಿವರ್ಸ್ ನಡುವೆ ಮೆಲ್ಲಗೆ ಗಾಡಿಯನ್ನು ತೂಗಬೇಕು. ಅದು ಆನ್ ಇದ್ದರೆ ಚಕ್ರ ತಿರುಗಲು ಹೊರಟಾಗೆಲ್ಲ ಎಂಜಿನ್ ಉಸಿರು ಕಟ್ಟಿದಂತಾಗಿ ಗಾಡಿ ಅಲ್ಲೇ ಉಳಿಯುತ್ತದೆ. ಡಿಕ್ಕಿಯಲ್ಲಿ ಮರಳು ಮೂಟೆ ಇಡುವ ಹಳೇ ಪದ್ಧತಿ ಪಿಕಪ್ ಟ್ರಕ್ಕಿಗೆ ಸರಿ. ಇಲ್ಲಿ ಇಬ್ಬರು ಕೂತರೆ ಮುಂದೆ ಹಿಂದೆ ಭಾರ ಹೆಚ್ಚುಕಡಿಮೆ ಸಮ. ಸಿಕ್ಕಿಕೊಂಡ ಚಕ್ರದಡಿ ಉದುರಿಸಲು ಮರಳಿನ ಒಂದು ಸಣ್ಣ ಚೀಲ ಸಾಕು.

ಬಟ್ಟೆಯ ಟಾಪ್ ಚಳಿಯನ್ನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಒಳಗಿನ ಜಾಗ ಚಿಕ್ಕದು, ಹೀಟರ್ ಬೇಗ ಬಿಸಿ ಮಾಡುತ್ತದೆ. ಹಿಂದಿನ ಕಿಟಕಿ ಗಾಜಿನದು, ಡಿಫ್ರಾಸ್ಟರೂ ಇದೆ. ಆದರೆ ಟಾಪಿನ ಮೇಲಿನ ಹಿಮವನ್ನು ಐಸ್ ಸ್ಕ್ರೇಪರಿನಿಂದ ಕೆರೆಯಲೇಬಾರದು, ಸ್ಪಂಜಿನ ತಲೆಯ ಬ್ರಶ್ಶಿನಿಂದ ಮೆಲ್ಲಗೆ ತಳ್ಳಿ. ಅಂಟಿದ ಮಂಜುಗಡ್ಡೆ ಹೀಟರಿನ ಶಾಖಕ್ಕೆ ತಾನೇ ಬಿಡಲಿ. 5 ಡಿಗ್ರಿಗಿಂತ ಕೆಳಗೆ ಟಾಪ್ ತೆಗೆಯಬೇಡಿ, ಸೆಡೆತ ಬಟ್ಟೆ ಮಡಿಕೆಯಲ್ಲಿ ಸೀಳುತ್ತದೆ. ಬಾಗಿಲಿನ ರಬ್ಬರಿಗೆ ಚಳಿ ಶುರುವಾಗುವ ಮೊದಲೇ ಸಿಲಿಕೋನ್ ಸವರಿ. ಗಾಜಿಗೆ ಚೌಕಟ್ಟಿಲ್ಲದ ಬಾಗಿಲು ಇದು, ಹೆಪ್ಪುಗಟ್ಟಿದಾಗ ಜಗ್ಗಿದರೆ ರಬ್ಬರು ಕಿತ್ತು ಬರುತ್ತದೆ.

ಸೀಟಿನ ಹಿಂದೆ ಎಡಕ್ಕೂ ಬಲಕ್ಕೂ ಟಾಪಿನ ನೀರು ಇಳಿದುಹೋಗುವ ಕೊಳವೆಗಳಿವೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೆ ಕಾರ್ಪೆಟ್ಟಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಗಾಜಿನ ಒಳಬದಿಯಲ್ಲಿ ಮಂಜು. "ಹೀಟರ್ ಹಾಳಾಗಿದೆ" ಅಂತ ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಕಾರ್ಪೆಟ್ ಮುಟ್ಟಿ ನೋಡಿ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಕೊಳವೆಯೊಳಗೆ ಮೆಲ್ಲಗೆ ಇಳಿಸಿ, ಒಂದು ಲೋಟ ನೀರು ಹುಯ್ದು ಕೆಳಗೆ ಬರುತ್ತದೋ ನೋಡಿದರೆ ಆಯಿತು. ಕಂಪ್ರೆಸರಿನ ಗಾಳಿ ಹೊಡೆಯಬೇಡಿ, ಒಳಗಿನ ಜೋಡಣೆ ಬಿಟ್ಟುಕೊಳ್ಳಬಹುದು.

ಉಪ್ಪು ಇನ್ನೊಂದು ಶತ್ರು. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿ ಇದೆ, ರಸ್ತೆಗೆ ಸುರಿಯುವುದರಲ್ಲಿ ಅಲ್ಲಿನವರಿಗೆ ಜಿಪುಣತನ ಇಲ್ಲ. ಫ್ಲೂಯಿಡ್ ಫಿಲ್ಮ್ ಅಥವಾ ಕ್ರೌನ್ ತರಹದ ಎಣ್ಣೆಯ ಲೇಪನವನ್ನು ಪ್ರತಿ ಶರತ್ಕಾಲದಲ್ಲಿ ಕೆಳಭಾಗಕ್ಕೆ ಮಾಡಿಸಿ, ಬಾಗಿಲ ಕೆಳಗಿನ ನೀರಿನ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ. ಒಣಗಿ ಗಟ್ಟಿಯಾಗುವ ಡಾಂಬರಿನಂಥ ಲೇಪನ ಬೇಡ, ಅದರ ಬಿರುಕಿನಲ್ಲಿ ಉಪ್ಪುನೀರು ನಿಂತು ಒಳಗಿಂದಲೇ ತಿನ್ನುತ್ತದೆ.

ಸಣ್ಣಪುಟ್ಟವು: ಎಲ್‌ಇಡಿ ಹೆಡ್‌ಲೈಟಿನ ಗಾಜು ಬಿಸಿಯಾಗುವುದಿಲ್ಲ, ಹಿಮ ಕರಗದೆ ಮೆತ್ತಿಕೊಳ್ಳುತ್ತದೆ, ನಿಂತಾಗೆಲ್ಲ ಒರೆಸಬೇಕು. ಸೀಟು ತಗ್ಗು, ಟ್ರಕ್ಕುಗಳು ಎರಚುವ ಉಪ್ಪುನೀರು ನೇರ ಕಣ್ಣಿನ ಮಟ್ಟದ ಗಾಜಿಗೇ, ಮೈನಸ್ 29 ಡಿಗ್ರಿಯ ವಾಷರ್ ದ್ರವದ ಒಂದು ಕ್ಯಾನ್ ಡಿಕ್ಕಿಯಲ್ಲಿರಲಿ. ಒದ್ದೆ ರಸ್ತೆಯಿಂದ ಬಂದು ರಾತ್ರಿ ನಿಲ್ಲಿಸುವಾಗ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆದರೆ ಬೆಳಿಗ್ಗೆ ಕಚ್ಚಿಕೊಂಡಿರಬಹುದು. ಹೈವೇಯಲ್ಲಿ ಇದ್ದಕ್ಕಿದ್ದಂತೆ ಗಾಡಿ ನಡುಗಿದರೆ ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮುಂಚೆ ರಿಮ್ಮಿನ ಒಳಗೆ ಅಂಟಿದ ಹಿಮ ಕೆಡವಿ ನೋಡಿ. ಗಾಳಿಯನ್ನು ಟೈರ್ ತಣ್ಣಗಿರುವಾಗ 29 ಪಿಎಸ್‌ಐಗೆ ಹೊಂದಿಸಿ. ತಾಪಮಾನ ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಸ್ಪೇರ್ ಚಕ್ರ ಇಲ್ಲ. ಬಂಪರಿಗೆ ತಿರುಪಿ ಹಾಕುವ ಎಳೆಯುವ ಕೊಂಡಿ ಡಿಕ್ಕಿಯಲ್ಲಿ ಎಲ್ಲಿದೆ ಅಂತ ಹಗಲಲ್ಲೇ ಹುಡುಕಿಟ್ಟುಕೊಳ್ಳಿ.

ಊರೊಳಗೆ, ಪ್ಲೌ ಬೇಗ ಬರುವ ರಸ್ತೆಯಲ್ಲಿ, ಬಿರುಗಾಳಿಯ ದಿನ ಮನೆಯಿಂದಲೇ ಕೆಲಸ ಮಾಡಲು ಆಗುವವರಿಗೆ ಈ ಗಾಡಿ ವರ್ಷವಿಡೀ ಸಾಕು. ಪ್ಲೌ ಮಧ್ಯಾಹ್ನಕ್ಕೆ ಬರುವ ಹಳ್ಳಿ ರಸ್ತೆಯವರಿಗೆ, ಬೆಳಗಿನ ಶಿಫ್ಟಿಗೆ ಆಸ್ಪತ್ರೆ ತಲುಪಲೇಬೇಕಾದವರಿಗೆ, ಲೇಕ್-ಎಫೆಕ್ಟ್ ಸ್ನೋ (ದೊಡ್ಡ ಸರೋವರದ ತೇವದಿಂದ ಬೀಳುವ ಭಾರೀ ಹಿಮ) ಸುರಿಯುವ ಬಫಲೋ ಕಡೆಯವರಿಗೆ ಇದೊಂದೇ ಗಾಡಿ ಸಾಲದು.

ಹಳೇ ವಿಂಟರ್ ಟೈರ್ ಜೊತೆಗೆ ಕೊಡುತ್ತೇನೆ ಅಂದ ಗಾಡಿ ಕೊಳ್ಳುವಾಗ ಟ್ರೆಡ್ಡಿನ ಆಳ 5 ಮಿಮೀಗಿಂತ ಕಡಿಮೆ ಇದ್ದರೆ ಆ ಟೈರಿಗೆ ಬೆಲೆ ಕಟ್ಟಬೇಡಿ. ಹಲವು ಬ್ಲಿಜಾಕ್‌ಗಳಲ್ಲಂತೂ ಮಂಜುಗಡ್ಡೆ ಹಿಡಿಯುವ ವಿಶೇಷ ರಬ್ಬರು ಮೇಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗದಲ್ಲಷ್ಟೇ ಇರುತ್ತದೆ, ಅದು ಸವೆದ ಮೇಲೆ ಉಳಿಯುವುದು ಸಾಧಾರಣ ವಿಂಟರ್ ರಬ್ಬರು. ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ಓದಿ: 3221 ಅಂದರೆ 2021ರ 32ನೇ ವಾರ ತಯಾರಾದದ್ದು. ನಾಲ್ಕೂ ಟೈರುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ ಇರಬೇಕು.